ಕಣ್ಕಟ್ಟಿನ ಬಲ ಎಷ್ಟು? ಇಲ್ಯೂಷನಿಸ್ಟ್ ಬಿಲ್ಡ್ ತೂಗಿ ನೋಡುವ ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ದಾಳದ ಕಥೆಯಾಟದಲ್ಲಿ ಕಣ್ಕಟ್ಟಿನ ಮಂತ್ರಗಳನ್ನೇ (ಸ್ಪೆಲ್) ನೆಚ್ಚಿಕೊಂಡ ಮಾಂತ್ರಿಕ, ಅಂದರೆ ವಿಝಾರ್ಡ್, ಈ ಇಲ್ಯೂಷನಿಸ್ಟ್. ಅವನ ಬಗ್ಗೆ ಇಬ್ಬರು ಆಟಗಾರರನ್ನು ಕೇಳಿ ನೋಡಿ. ಒಬ್ಬರು "ಇದಕ್ಕಿಂತ ಗಟ್ಟಿ ವಿಝಾರ್ಡ್ ಇನ್ನೊಂದಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಅದೆಲ್ಲ ದಂಡ, ಸುಮ್ನೆ ಫೈರ್‌ಬಾಲ್ ತಗೊಳ್ಳಿ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಕೂತು ಆಡಿದ ಟೇಬಲ್‌ಗಳು, ಅಂದರೆ ಆಟದ ಗುಂಪುಗಳು, ಬೇರೆ ಬೇರೆ, ಅಷ್ಟೇ.

ಕತ್ತಿ ಹಿಡಿದ ಫೈಟರ್‌ನ ಬಲ ಯಾವ ಟೇಬಲ್‌ಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಾಳ ಉರುಳಿತು, ಏಟು ತಗುಲಿತು, ಹಿಟ್ ಪಾಯಿಂಟ್ (ಉಳಿದ ಜೀವದ ಲೆಕ್ಕ) ಇಳಿಯಿತು. ಕಣ್ಕಟ್ಟು ಹಾಗಲ್ಲ. ನೀವು ಗಾಳಿಯಲ್ಲಿ ಒಂದು ಗೋಡೆ ನಿಲ್ಲಿಸುತ್ತೀರಿ. ಅದನ್ನು ಶತ್ರು ನಂಬಿದನೋ ಇಲ್ಲವೋ ಅಂತ ಹೇಳುವವರು ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ). ಹಾಗಾಗಿ ಈ ಬಿಲ್ಡ್‌ಗೆ, ಅಂದರೆ ಪಾತ್ರ ಕಟ್ಟುವ ಈ ಬಗೆಗೆ, ಎರಡು ಅಳತೆ ಬೇಕು. ಉದಾರಿ ಡಿಎಂ ಸಿಕ್ಕರೆ ಎಷ್ಟು ಎತ್ತರಕ್ಕೆ ಹೋಗಬಹುದು? ಅದನ್ನು ನಾನು ಚಾವಣಿ ಅನ್ನುತ್ತೇನೆ. ಜಿಪುಣ ಡಿಎಂ ಸಿಕ್ಕರೆ ಕೈಯಲ್ಲಿ ಏನು ಉಳಿಯುತ್ತದೆ? ಅದು ನೆಲ. ಎಲ್ಲರೂ ಚಾವಣಿ ನೋಡಿ ಬಿಲ್ಡ್ ಆರಿಸುತ್ತಾರೆ. ನಾನು ಮೊದಲು ನೆಲ ತಟ್ಟಿ ನೋಡುತ್ತೇನೆ.

ಇಲ್ಲಿ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯದು. ಮುಖ್ಯವಾಗಿ 2014ರ ನಿಯಮ. 2024ರಲ್ಲಿ ದೊಡ್ಡ ಬದಲಾವಣೆ ಆದ ಕಡೆ ಅದನ್ನೂ ಹೇಳುತ್ತೇನೆ.

ಹಂತ 1: ಡ್ಯಾಮೇಜ್ ಪಟ್ಟಿ ಪಕ್ಕಕ್ಕಿಡಿ, ಶತ್ರುವಿನ ಸರದಿ ಎಣಿಸಿ

ಇಲ್ಯೂಷನಿಸ್ಟ್‌ನ ಡ್ಯಾಮೇಜ್ ಲೆಕ್ಕ ಹಾಕುವುದು ಅಂದರೆ ಮೀನಿನ ಜಾಣ್ಮೆಯನ್ನು ಮರ ಹತ್ತಿಸಿ ಅಳೆದ ಹಾಗೆ. ಸರಿಯಾದ ಅಳತೆಗೋಲು ಒಂದೇ: ನಿಮ್ಮ ಒಂದು ಆಕ್ಷನ್‌ಗೆ (ಸರದಿಯಲ್ಲಿ ಮಾಡುವ ಮುಖ್ಯ ಕೆಲಸಕ್ಕೆ) ಶತ್ರುಗಳ ಎಷ್ಟು ಸರದಿ ಹಾಳಾಯಿತು?

ಒಂದು ಲೆಕ್ಕ ಮಾಡೋಣ. ನಿಮ್ಮದು 5ನೇ ಲೆವೆಲ್ ವಿಝಾರ್ಡ್, ಇಂಟೆಲಿಜೆನ್ಸ್ ಮಾಡಿಫೈಯರ್ (ಬುದ್ಧಿಬಲಕ್ಕೆ ಕೂಡುವ ಅಂಕ) +4. ಸ್ಪೆಲ್ ಸೇವ್ ಡಿಸಿ ಅಂದರೆ ನಿಮ್ಮ ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು (ಸೇವ್) ಶತ್ರು ಇಪ್ಪತ್ತು ಮುಖದ ದಾಳ (ಡಿ20) ಉರುಳಿಸಿ ಮುಟ್ಟಬೇಕಾದ ಸಂಖ್ಯೆ. ಅದು 8, ಪ್ರೊಫಿಷಿಯೆನ್ಸಿ (ಲೆವೆಲ್ ಜೊತೆ ಏರುವ ಪಳಗಿಕೆಯ ಅಂಕ) 3, ಮಾಡಿಫೈಯರ್ 4. ಒಟ್ಟು 15. ಎದುರಿಗೆ ನಾಲ್ಕು ಆಗರ್, ಅಂದರೆ ದಡ್ಡ ದೈತ್ಯರು. ಒಂದೊಂದಕ್ಕೆ 59 ಹಿಟ್ ಪಾಯಿಂಟ್, ಒಂದು ಏಟಿಗೆ ಸರಾಸರಿ 13 ಡ್ಯಾಮೇಜ್.

ಮೊದಲು ಫೈರ್‌ಬಾಲ್ ಎಸೆಯಿರಿ. 8ಡಿ6, ಅಂದರೆ ಆರು ಮುಖದ ಎಂಟು ದಾಳ, ಸರಾಸರಿ 28. ಆಗರ್‌ನ ಡೆಕ್ಸ್ಟೆರಿಟಿ ಸೇವ್ -1, ಅಂದರೆ 16 ಅಥವಾ ಮೇಲೆ ಬೀಳಬೇಕು. ಸೇವ್ ಆಗುವ ಸಾಧ್ಯತೆ ಶೇ. 25. ಸೇವ್ ಆದರೆ ಅರ್ಧ ಡ್ಯಾಮೇಜ್. ಎಲ್ಲ ಸೇರಿಸಿದರೆ ಒಂದೊಂದು ಆಗರ್‌ಗೆ ಸರಾಸರಿ 24.5. ನಾಲ್ಕೂ ಕಡೆ ಸುಟ್ಟಗಾಯ ಆಯಿತು, ಆದರೆ ಒಂದೂ ಬೀಳಲಿಲ್ಲ. ಮುಂದಿನ ಸರದಿಯಲ್ಲಿ ನಾಲ್ಕೂ ದೊಣ್ಣೆ ಬೀಸುತ್ತವೆ. ಹಾಳಾದ ಸರದಿ: ಸೊನ್ನೆ.

ಈಗ ಅದೇ ಸ್ಲಾಟ್‌ನಲ್ಲಿ (ಇಷ್ಟೇ ಅಂತ ಎಣಿಸಿ ಸಿಗುವ ಸ್ಪೆಲ್‌ನ ಪಾಲು) ಹಿಪ್ನಾಟಿಕ್ ಪ್ಯಾಟರ್ನ್, ಅಂದರೆ ನೋಡಿದವರನ್ನು ಮರುಳು ಮಾಡುವ ಬಣ್ಣದ ಬೆಳಕು, ಹಾಕಿ. ಇದೂ ಇಲ್ಯೂಷನ್ ಶಾಲೆಯ ಸ್ಪೆಲ್ಲೇ, ತುಂಬ ಜನ ಮರೆಯುತ್ತಾರೆ. 30 ಅಡಿ ಘನ, ವಿಸ್ಡಮ್ ಸೇವ್. ಆಗರ್‌ಗೆ ವಿಸ್ಡಮ್ -2, ಹಾಗಾಗಿ 17 ಬೀಳಬೇಕು. ಸೇವ್ ಆಗುವುದು ಶೇ. 20 ಮಾತ್ರ. ನಾಲ್ಕನ್ನೂ ಘನದೊಳಗೆ ಹಿಡಿದರೆ ಸರಾಸರಿ 3.2 ಆಗರ್ ಬಾಯಿ ಬಿಟ್ಟು ನಿಲ್ಲುತ್ತವೆ. ಉಳಿದ ಒಂದಕ್ಕೂ ಪೇಚು. ಅದು ನಿಮ್ಮನ್ನು ಹೊಡೆಯಬೇಕೋ ಅಥವಾ ತನ್ನ ಆಕ್ಷನ್ ಖರ್ಚು ಮಾಡಿ ಪಕ್ಕದವನನ್ನು ಅಲುಗಾಡಿಸಿ ಎಚ್ಚರಿಸಬೇಕೋ? ನಿಮ್ಮ ತಂಡ ನಾಲ್ಕರ ಜೊತೆಗಲ್ಲ, ಒಂದೊಂದರ ಜೊತೆ ಕಾದುತ್ತದೆ.

ಆದರೆ ಇದನ್ನೇ ಕಣ್ಣು ಮುಚ್ಚಿ ಎಲ್ಲ ಕಡೆ ಹಚ್ಚಬೇಡಿ. ಆಗರ್ ಬದಲು ಗಾಬ್ಲಿನ್ ಇಡಿ. ಅವಕ್ಕೆ ಇರುವುದು 7 ಹಿಟ್ ಪಾಯಿಂಟ್. ಫೈರ್‌ಬಾಲ್‌ನ ಅರ್ಧ ಡ್ಯಾಮೇಜ್ ಕೂಡ ಸರಾಸರಿ 14. ಸೇವ್ ಆದರೂ ಸತ್ತವು. ಸತ್ತವನ ಎಲ್ಲ ಸರದಿಯೂ ಹಾಳೇ ಅಲ್ವಾ? ಅಲ್ಲಿ ಕಣ್ಕಟ್ಟು ಸೋಲುತ್ತದೆ. ನಿಮ್ಮ ಕ್ಯಾಂಪೇನ್‌ನಲ್ಲಿ (ಹಲವು ಸೆಷನ್ ಮುಂದುವರಿಯುವ ಕಥೆಯಲ್ಲಿ) ಗಟ್ಟಿ ಶತ್ರುಗಳು ಕೆಲವೇ ಬರುತ್ತಾರೋ, ಪುಡಿ ಶತ್ರುಗಳು ಹಿಂಡಾಗಿ ಬರುತ್ತಾರೋ ಅನ್ನುವುದರ ಮೇಲೆ ಈ ಬಿಲ್ಡ್‌ನ ಬೆಲೆ ಅರ್ಧ ತೀರ್ಮಾನ ಆಗುತ್ತದೆ.

ಹಂತ 2: ಸ್ಪೆಲ್‌ಗಳನ್ನು ಮೂರು ಗುಡ್ಡೆ ಮಾಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ. ನಿಮ್ಮ ಪಟ್ಟಿಯ ಪ್ರತಿ ಇಲ್ಯೂಷನ್ ಸ್ಪೆಲ್‌ಗೂ ಒಂದೇ ಪ್ರಶ್ನೆ ಕೇಳಿ: ಇದು ಕೆಲಸ ಮಾಡಲು ಡಿಎಂ ಒಪ್ಪಬೇಕಾ, ಅಥವಾ ನಿಯಮದಲ್ಲೇ ಬರೆದಿದೆಯಾ?

ಮೊದಲ ಗುಡ್ಡೆ, ನಿಯಮವೇ ಕೆಲಸ ಮಾಡುವ ಸ್ಪೆಲ್‌ಗಳದು. ಮಿರರ್ ಇಮೇಜ್, ಬ್ಲರ್, ಇನ್ವಿಸಿಬಿಲಿಟಿ, ಗ್ರೇಟರ್ ಇನ್ವಿಸಿಬಿಲಿಟಿ, ಹಿಪ್ನಾಟಿಕ್ ಪ್ಯಾಟರ್ನ್, ಫಿಯರ್. ಇಲ್ಲಿ ಡಿಎಂ ಮನಸ್ಸು ಹೇಗಿದ್ದರೂ ಸ್ಪೆಲ್ ತನ್ನ ಕೆಲಸ ಮಾಡುತ್ತದೆ.

ಮಿರರ್ ಇಮೇಜ್ ಇದಕ್ಕೆ ಒಳ್ಳೆಯ ಉದಾಹರಣೆ. ನಿಮ್ಮ ಮೂರು ನಕಲು ಹುಟ್ಟುತ್ತವೆ. 2014ರ ನಿಯಮದಲ್ಲಿ ನಿಮ್ಮ ಮೇಲೆ ದಾಳಿ ಬಂದಾಗ ಡಿ20 ಉರುಳಿಸುತ್ತೀರಿ. ಮೂರು ನಕಲು ಇದ್ದಾಗ 6 ಅಥವಾ ಮೇಲೆ ಬಿದ್ದರೆ ದಾಳಿ ನಕಲಿನ ಕಡೆ ತಿರುಗುತ್ತದೆ, ಅಂದರೆ ಶೇ. 75. ಎರಡು ಉಳಿದಾಗ 8 ಬೇಕು, ಶೇ. 65. ಒಂದೇ ಉಳಿದಾಗ 11, ಶೇ. 50. 2024ರಲ್ಲಿ ಇದು ಇನ್ನೂ ಗಟ್ಟಿಯಾಯಿತು. ಈಗ ಏಟು ತಗುಲಿದ ಮೇಲೆ, ಉಳಿದ ಪ್ರತಿ ನಕಲಿಗೂ ಒಂದು ಡಿ6. ಯಾವುದಾದರೂ ಒಂದು 3 ಅಥವಾ ಮೇಲೆ ಬಿದ್ದರೂ ಸಾಕು, ಏಟು ನಕಲಿಗೆ. ಲೆಕ್ಕ ಹಾಕಿದರೆ ಮೂರು ನಕಲಿದ್ದಾಗ ಶೇ. 96, ಎರಡಕ್ಕೆ 89, ಒಂದಕ್ಕೆ 67. ಇದಕ್ಕೆ ಕಾನ್ಸಂಟ್ರೇಷನ್ (ಸ್ಪೆಲ್ ಉಳಿಸಿಕೊಳ್ಳಲು ಬೇಕಾದ ಏಕಾಗ್ರತೆ) ಕೂಡ ಬೇಡ.

ಎರಡನೇ ಗುಡ್ಡೆ, ಅರ್ಧ ನಿಯಮ ಅರ್ಧ ಡಿಎಂ. ಫ್ಯಾಂಟಸ್ಮಲ್ ಫೋರ್ಸ್ ಇಲ್ಲಿಗೆ ಬರುತ್ತದೆ. ಇಂಟೆಲಿಜೆನ್ಸ್ ಸೇವ್ ತಪ್ಪಿದರೆ ಶತ್ರುವಿನ ತಲೆಯೊಳಗೆ ಮಾತ್ರ ಒಂದು ದೃಶ್ಯ ಹುಟ್ಟುತ್ತದೆ. ಅದು ನಿಜ ಅಂತಲೇ ಅವನು ನಂಬುತ್ತಾನೆ, ಎಡವಟ್ಟಾದರೆ ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತಾನೆ. ಅಷ್ಟು ನಿಯಮ. ಆದರೆ ತಲೆಗೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆ ತೋರಿಸಿದರೆ ಅವನು ಕುರುಡನಾದ ಹಾಗೆ ನಡೆದುಕೊಳ್ಳಬೇಕಾ? ಅದು ಡಿಎಂಗೆ ಬಿಟ್ಟದ್ದು. 2014ರಲ್ಲಿ ಸರದಿಗೆ 1ಡಿ6 ಸೈಕಿಕ್ ಡ್ಯಾಮೇಜ್ ಮಾತ್ರ. 2024ರಲ್ಲಿ ಅದು 2ಡಿ8 ಆಯಿತು, ಹಾಗಾಗಿ ನೆಲವೂ ಸ್ವಲ್ಪ ಮೇಲೆ ಬಂತು.

ಮೂರನೇ ಗುಡ್ಡೆ ಪೂರ್ತಿ ಡಿಎಂ ಕೈಯಲ್ಲಿ. ಇಲ್ಲದ್ದನ್ನು ಇದ್ದ ಹಾಗೆ ತೋರಿಸುವ ಸೈಲೆಂಟ್ ಇಮೇಜ್, ಮೇಜರ್ ಇಮೇಜ್, ವೇಷ ಬದಲಿಸುವ ಡಿಸ್‌ಗೈಸ್ ಸೆಲ್ಫ್, ಮೈನರ್ ಇಲ್ಯೂಷನ್‌ನ ಬಹುಪಾಲು ಉಪಯೋಗ. ಚಾವಣಿ ಆಕಾಶ ಮುಟ್ಟುವುದೂ ಇಲ್ಲೇ, ನೆಲ ಪಾತಾಳಕ್ಕೆ ಇಳಿಯುವುದೂ ಇಲ್ಲೇ.

ಈಗ ಮೂರನೇ ಗುಡ್ಡೆಯನ್ನು ಪೂರ್ತಿ ಅಳಿಸಿ, ಉಳಿದದ್ದನ್ನು ನೋಡಿ. ಆ ಪಟ್ಟಿ ಇಟ್ಟುಕೊಂಡು ಒಂದು ಕಾಳಗ ಆಡಬಹುದಾ? ಆಡಬಹುದು ಅಂತ ಅನ್ನಿಸಿದರೆ ನೆಲ ಗಟ್ಟಿ ಇದೆ. "ಆಮೇಲೆ ಫೈರ್ ಬೋಲ್ಟ್ ಹೊಡೆಯುತ್ತಾ ಕೂರಬೇಕು" ಅನ್ನಿಸಿದರೆ ಇಲ್ಲ.

ಹಂತ 3: ಮೋಸ ಬಯಲಾಗುವ ಲೆಕ್ಕ

ಇಮೇಜ್ ಸ್ಪೆಲ್‌ಗಳಿಗೆ ಸೇವಿಂಗ್ ಥ್ರೋ ಇಲ್ಲ. ಅದೇ ಅವುಗಳ ಸೊಗಸು. ಶತ್ರು ಮೋಸ ಕಂಡುಹಿಡಿಯಲು ಎರಡು ದಾರಿ. ಒಂದು, ಮುಟ್ಟಿ ನೋಡುವುದು. ಕೈ ಒಳಗೆ ಹೋದರೆ ಆಟ ಮುಗಿಯಿತು. ಇನ್ನೊಂದು, ಒಂದು ಆಕ್ಷನ್ ಖರ್ಚು ಮಾಡಿ ಇನ್ವೆಸ್ಟಿಗೇಷನ್ ಚೆಕ್ ಮಾಡುವುದು, ನಿಮ್ಮ ಸೇವ್ ಡಿಸಿಗೆ ಎದುರಾಗಿ.

ಗಾಬ್ಲಿನ್‌ಗೆ ಇಂಟೆಲಿಜೆನ್ಸ್ 10, ಮಾಡಿಫೈಯರ್ ಇಲ್ಲ. ಡಿಸಿ 13 ಇದ್ದರೆ ಅದು ಗೆಲ್ಲುವುದು ಶೇ. 40. ಅಂದರೆ ಸರಾಸರಿ ಎರಡೂವರೆ ಆಕ್ಷನ್ ಸುರಿಯಬೇಕು. ಡಿಸಿ 15 ಆದರೆ ಶೇ. 30, ಮೂರಕ್ಕಿಂತ ಜಾಸ್ತಿ ಆಕ್ಷನ್. ಆಗರ್‌ಗೆ ಇಂಟೆಲಿಜೆನ್ಸ್ 5, ಅಂದರೆ -3. ಡಿಸಿ 15ಕ್ಕೆ 18 ಬೀಳಬೇಕು, ಶೇ. 15 ಮಾತ್ರ. ಒಂದನೇ ಲೆವೆಲ್ ಸ್ಲಾಟ್ ಒಂದು ಕೊಟ್ಟು ಇಷ್ಟು ಸರದಿ ಕಿತ್ತುಕೊಳ್ಳುವುದು ಅಗ್ಗದ ವ್ಯಾಪಾರ.

ಆದರೆ ಈ ಲೆಕ್ಕದ ಹಿಂದೆ ಒಂದು ಗುಟ್ಟು ಅಡಗಿದೆ. ದಡ್ಡ ಶತ್ರು ಚೆಕ್ ಮಾಡುವುದೇ ಇಲ್ಲ. ನೇರ ನುಗ್ಗುತ್ತಾನೆ. ಗೋಡೆಗೆ ಡಿಕ್ಕಿ ಹೊಡೆಯಲು ಹೋಗಿ ಆ ಕಡೆ ದಾಟಿಬಿಡುತ್ತಾನೆ. ಹಾಗಾಗಿ ಏನು ತೋರಿಸುತ್ತೀರಿ ಅನ್ನುವುದು ಡಿಸಿಗಿಂತ ಮುಖ್ಯ. ಮುಟ್ಟಬೇಕು ಅನ್ನಿಸುವ ಚಿತ್ರ ಕೆಟ್ಟದ್ದು. ದೂರ ಇರಬೇಕು ಅನ್ನಿಸುವ ಚಿತ್ರ ಒಳ್ಳೆಯದು. ಸೈಲೆಂಟ್ ಇಮೇಜ್‌ನಲ್ಲಿ ಡ್ರ್ಯಾಗನ್ ತೋರಿಸಿದರೆ ಬಾಣ ಬಿಡುತ್ತಾರೆ, ಬಾಣ ಆ ಕಡೆ ಹೋಗುತ್ತದೆ. ಅದಕ್ಕೇ ದಟ್ಟ ಮಂಜು ತೋರಿಸಿ. ಮಂಜಿನೊಳಗೆ ಬಾಣ ತೂರಿದರೆ ಯಾರೂ ಅನುಮಾನ ಪಡುವುದಿಲ್ಲ, ಮಂಜು ಇರುವುದೇ ಹಾಗೆ. ನಾನು ಯಾವುದೇ ಇಲ್ಯೂಷನಿಸ್ಟ್ ಆಟಗಾರನನ್ನು ಅಳೆಯುವುದು ಇದರಿಂದಲೇ. ಡ್ರ್ಯಾಗನ್ ತೋರಿಸುವವರು ಹೊಸಬರು, ಮಂಜು ತೋರಿಸುವವರು ಪಳಗಿದವರು.

ಹಂತ 4: ಯಾರ ಮೇಲೆ ನಡೆಯುವುದಿಲ್ಲ?

ನಿಮ್ಮ ತಂಡ ಕಳೆದ ಹತ್ತು ಕಾಳಗಗಳಲ್ಲಿ ಎದುರಿಸಿದ ಶತ್ರುಗಳ ಹೆಸರು ಬರೆಯಿರಿ. ಹೊಸ ಕ್ಯಾಂಪೇನ್ ಆದರೆ ಡಿಎಂ ಹೇಳಿದ ಹಿನ್ನೆಲೆ ನೋಡಿ ಊಹಿಸಿ. ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ನೋಡಿ.

ಟ್ರೂಸೈಟ್ ಇದೆಯಾ? ಇದು ಕಣ್ಕಟ್ಟಿಗೆ ಯಮ. ಕಣ್ಣಿಗೆ ಕಾಣುವ ಇಲ್ಯೂಷನ್ ಅವರಿಗೆ ತಾನಾಗಿಯೇ ಬಯಲಾಗುತ್ತದೆ, ಅದರ ಸೇವ್ ಕೂಡ ತಾನಾಗಿಯೇ ಪಾಸ್. ಬ್ಯಾಲರ್, ಪಿಟ್ ಫೀಂಡ್, ಲಿಚ್, ಎಲ್ಲರಿಗೂ 120 ಅಡಿ ಟ್ರೂಸೈಟ್. ಗಮನಿಸಿ, ಇವರೆಲ್ಲ ಮೇಲಿನ ಲೆವೆಲ್‌ನ ಶತ್ರುಗಳು. 3ನೇ ಲೆವೆಲ್‌ನಲ್ಲಿ ರಾಜನ ಹಾಗೆ ಮೆರೆದ ಬಿಲ್ಡ್ 15ರಲ್ಲಿ ಮೂಲೆಗೆ ಬೀಳಬಹುದು. ಕ್ಯಾಂಪೇನ್ ಯಾವ ಲೆವೆಲ್‌ಗೆ ಮುಗಿಯುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಬ್ಲೈಂಡ್‌ಸೈಟ್, ಅಂದರೆ ಕಣ್ಣಿಲ್ಲದೆಯೂ ಸುತ್ತಲಿನದನ್ನು ಗ್ರಹಿಸುವ ಶಕ್ತಿ, ಇದೆಯಾ? ವಯಸ್ಕ ಡ್ರ್ಯಾಗನ್‌ಗೆ 60 ಅಡಿ. ಜೆಲಾಟಿನಸ್ ಕ್ಯೂಬ್‌ಗೆ ಕಣ್ಣೇ ಇಲ್ಲ, ಅದಕ್ಕೆ ನೀವು ಬಿಡಿಸಿದ ಗೋಡೆ ಏನು ಲೆಕ್ಕ?

ಚಾರ್ಮ್ ಆಗುವುದಿಲ್ಲವಾ, ಅಂದರೆ ಮಂತ್ರಕ್ಕೆ ಮರುಳಾಗುವುದಿಲ್ಲವಾ? ಹಾಗಿದ್ದರೆ ಹಿಪ್ನಾಟಿಕ್ ಪ್ಯಾಟರ್ನ್ ಸತ್ತ ಹಾಗೆ. ಗೋಲೆಮ್‌ಗಳು (ಮಾಯೆಯಿಂದ ನಡೆಯುವ ಬೊಂಬೆಗಳು), ಗೂಲ್‌ಗಳು (ಹೆಣ ತಿನ್ನುವ ಪಿಶಾಚಿಗಳು) ಈ ಗುಂಪು. ಇಲ್ಲಿ ಒಂದು ಚಿಕ್ಕ ಖುಷಿ ಇದೆ: ಜೋಂಬಿ, ಸ್ಕೆಲಿಟನ್ ಇಬ್ಬರಿಗೂ 2014ರ ನಿಯಮದಲ್ಲಿ ಚಾರ್ಮ್ ತಡೆ ಇಲ್ಲ. ಹೆಣಗಳ ಸಾಲು ಬಣ್ಣದ ಬೆಳಕು ನೋಡುತ್ತಾ ನಿಲ್ಲುವುದನ್ನು ಒಮ್ಮೆಯಾದರೂ ಆಡಿ ನೋಡಬೇಕು.

ಕೊನೆಯದು, ಶತ್ರು ಅನ್‌ಡೆಡ್ (ಸತ್ತೂ ಓಡಾಡುವಂಥದ್ದು) ಅಥವಾ ಕನ್‌ಸ್ಟ್ರಕ್ಟ್ (ಗೋಲೆಮ್ ಹಾಗೆ ಮಾಡಿಟ್ಟದ್ದು) ಆ? 2014ರ ಫ್ಯಾಂಟಸ್ಮಲ್ ಫೋರ್ಸ್ ಇವರ ಮೇಲೆ ನಡೆಯುವುದಿಲ್ಲ.

ಹತ್ತರಲ್ಲಿ ಮೂರು ಕಡೆ ಅಡ್ಡಿ ಬಂದರೆ ಪರವಾಗಿಲ್ಲ, ಪ್ರತಿ ಬಿಲ್ಡ್‌ಗೂ ಕೆಟ್ಟ ದಿನ ಇರುತ್ತದೆ. ಆರು ಕಡೆ ಬಂದರೆ ಬೇರೆ ಬಿಲ್ಡ್ ನೋಡಿ.

ಹಂತ 5: ಕಾನ್ಸಂಟ್ರೇಷನ್ ಟ್ರಾಫಿಕ್ ಜಾಮ್

ಸೈಲೆಂಟ್ ಇಮೇಜ್, ಮೇಜರ್ ಇಮೇಜ್, ಫ್ಯಾಂಟಸ್ಮಲ್ ಫೋರ್ಸ್, ಇನ್ವಿಸಿಬಿಲಿಟಿ, ಹಿಪ್ನಾಟಿಕ್ ಪ್ಯಾಟರ್ನ್, ಫಿಯರ್. ಎಲ್ಲಕ್ಕೂ ಕಾನ್ಸಂಟ್ರೇಷನ್ ಬೇಕು. ಒಂದು ಹೊತ್ತಿಗೆ ಒಂದೇ ನಡೆಯುತ್ತದೆ. ಪಟ್ಟಿಯಲ್ಲಿ ಆರು ಒಳ್ಳೆಯ ಸ್ಪೆಲ್ ಇದ್ದರೂ ಕಾಳಗದಲ್ಲಿ ನಿಮಗೆ ಸಿಗುವುದು ಒಂದು. ಮಿಕ್ಕ ಸರದಿಗಳಲ್ಲಿ ಏನು ಮಾಡುತ್ತೀರಿ? ಇದಕ್ಕೆ ಉತ್ತರ ಇಲ್ಲದ ಬಿಲ್ಡ್‌ಗಳೇ ಜಾಸ್ತಿ.

ಏಟು ಬಿದ್ದಾಗ ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್. ಡಿಸಿ 10, ಅಥವಾ ಬಿದ್ದ ಡ್ಯಾಮೇಜ್‌ನ ಅರ್ಧ, ಯಾವುದು ದೊಡ್ಡದೋ ಅದು. ಕಾನ್‌ಸ್ಟಿಟ್ಯೂಷನ್ 14 ಇದ್ದರೆ +2. ಡಿಸಿ 10ಕ್ಕೆ 8 ಬೀಳಬೇಕು, ಶೇ. 65. ಮೂರು ಏಟಿಗೆ ಒಮ್ಮೆ ಸ್ಪೆಲ್ ಬಿದ್ದುಹೋಗುತ್ತದೆ ಅಂತಾಯಿತು. ವಾರ್ ಕಾಸ್ಟರ್ ಅನ್ನುವ ಫೀಟ್ (ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ತಗೊಂಡರೆ ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು, ಶೇ. 88. ರೆಸಿಲಿಯೆಂಟ್ ಫೀಟ್ ತಗೊಂಡರೆ 5ನೇ ಲೆವೆಲ್‌ನಲ್ಲಿ +5, ಶೇ. 80, ಮುಂದೆ ಲೆವೆಲ್ ಏರಿದ ಹಾಗೆ ಇನ್ನೂ ಏರುತ್ತದೆ.

4ನೇ ಲೆವೆಲ್‌ನಲ್ಲಿ ಎಲ್ಲರೂ ಇಂಟೆಲಿಜೆನ್ಸ್ ಏರಿಸುತ್ತಾರೆ. ಅದರಿಂದ ಡಿಸಿ ಒಂದು ಹೆಚ್ಚುತ್ತದೆ, ಶತ್ರು ಸೋಲುವ ಸಾಧ್ಯತೆ ಶೇ. 5 ಏರುತ್ತದೆ. ವಾರ್ ಕಾಸ್ಟರ್ ನಿಮ್ಮ ಸ್ಪೆಲ್ ಉಳಿಯುವ ಸಾಧ್ಯತೆಯನ್ನು 65ರಿಂದ 88ಕ್ಕೆ ಏರಿಸುತ್ತದೆ. ಏಟು ತಿನ್ನುವ ಜಾಗದಲ್ಲಿ ನಿಲ್ಲುವವರಾದರೆ ನಾನು ವಾರ್ ಕಾಸ್ಟರ್ ಕಡೆ. ಯಾವಾಗಲೂ ಹಿಂದೆ ಅಡಗಿ ನಿಲ್ಲುವವರಾದರೆ ಇಂಟೆಲಿಜೆನ್ಸ್ ಸರಿ.

2014ರ ನಿಯಮದಲ್ಲಿ ಮೇಜರ್ ಇಮೇಜ್ ಅನ್ನು 6ನೇ ಲೆವೆಲ್ ಸ್ಲಾಟ್‌ನಲ್ಲಿ ಹಾಕಿದರೆ ಕಾನ್ಸಂಟ್ರೇಷನ್ ಬೇಡ, ಡಿಸ್ಪೆಲ್ ಮಾಡುವವರೆಗೂ (ಯಾರಾದರೂ ಮಂತ್ರದಿಂದ ಅಳಿಸುವವರೆಗೂ) ಉಳಿಯುತ್ತದೆ. ಆ ಸ್ಲಾಟ್ ಸಿಗುವುದು ವಿಝಾರ್ಡ್‌ಗೆ 11ನೇ ಲೆವೆಲ್‌ನಲ್ಲಿ. ಅಲ್ಲಿಂದ ಆಟವೇ ಬೇರೆ.

ಹಂತ 6: ಸ್ಪೆಲ್ ಬೇರೆ, ಸಬ್‌ಕ್ಲಾಸ್ ಬೇರೆ

ಯಾವ ವಿಝಾರ್ಡ್ ಬೇಕಾದರೂ ಇಲ್ಯೂಷನ್ ಸ್ಪೆಲ್ ಕಲಿಯಬಹುದು. ಹಿಪ್ನಾಟಿಕ್ ಪ್ಯಾಟರ್ನ್ ಚೆನ್ನಾಗಿದೆ ಅಂದರೆ ಅದು ಸ್ಪೆಲ್‌ನ ಗುಣ, ಇಲ್ಯೂಷನಿಸ್ಟ್ ಸಬ್‌ಕ್ಲಾಸ್‌ನ (ವಿಝಾರ್ಡ್ ಆರಿಸಿಕೊಳ್ಳುವ ಶಾಖೆಯ) ಗುಣ ಅಲ್ಲ. ಹಾಗಾದರೆ ಸಬ್‌ಕ್ಲಾಸ್ ಏನು ಕೊಡುತ್ತದೆ?

2014ರಲ್ಲಿ 2ನೇ ಲೆವೆಲ್‌ಗೆ ಮೈನರ್ ಇಲ್ಯೂಷನ್ ಸಿಗುತ್ತದೆ, ಅದರಲ್ಲಿ ಚಿತ್ರ ಮತ್ತು ಸದ್ದು ಒಟ್ಟಿಗೆ. ಮುದ್ದಾಗಿದೆ, ಆದರೆ ಚಿಕ್ಕದು. 6ಕ್ಕೆ ಮ್ಯಾಲಿಯಬಲ್ ಇಲ್ಯೂಷನ್ಸ್: ಒಂದು ನಿಮಿಷ ಅಥವಾ ಜಾಸ್ತಿ ಉಳಿಯುವ ಇಲ್ಯೂಷನ್‌ನ ರೂಪವನ್ನು ಒಂದು ಆಕ್ಷನ್‌ನಲ್ಲಿ ಬದಲಿಸಬಹುದು. 10ಕ್ಕೆ ಇಲ್ಯೂಸರಿ ಸೆಲ್ಫ್: ರಿಯಾಕ್ಷನ್ (ನಡೆದದ್ದಕ್ಕೆ ತಕ್ಷಣ ಕೊಡುವ ಪ್ರತಿಕ್ರಿಯೆ) ಖರ್ಚು ಮಾಡಿದರೆ ಬಂದ ಏಟು ತಾನಾಗಿಯೇ ತಪ್ಪುತ್ತದೆ, ರೆಸ್ಟ್‌ಗೆ ಒಮ್ಮೆ. 14ಕ್ಕೆ ಇಲ್ಯೂಸರಿ ರಿಯಾಲಿಟಿ: ಇಲ್ಯೂಷನ್ ಒಳಗಿನ ಒಂದು ನಿರ್ಜೀವ ವಸ್ತುವನ್ನು ಬೋನಸ್ ಆಕ್ಷನ್‌ನಲ್ಲಿ (ಆಕ್ಷನ್ ಜೊತೆಗೆ ಸಿಗುವ ಚಿಕ್ಕ ಕೆಲಸದಲ್ಲಿ) ಒಂದು ನಿಮಿಷ ನಿಜ ಮಾಡುವುದು. ಅದರಿಂದ ನೇರ ಡ್ಯಾಮೇಜ್ ಮಾಡುವ ಹಾಗಿಲ್ಲ. ಆದರೆ ಕಂದಕದ ಮೇಲೆ ಸೇತುವೆ ಬಿಡಿಸಿ ದಾಟಬಹುದು. ಓಡಿ ಬರುವವರ ಮುಂದೆ ಕಲ್ಲಿನ ಗೋಡೆ ಎಬ್ಬಿಸಬಹುದು. ಅಲ್ಲಿಯವರೆಗೆ ಡಿಎಂ ಒಪ್ಪಿಗೆ ಕೇಳುತ್ತಿದ್ದ ಬಿಲ್ಡ್ ಇಲ್ಲಿ ಮೊದಲ ಸಲ ಕೇಳುವುದನ್ನು ನಿಲ್ಲಿಸುತ್ತದೆ. ನೆಲವೇ ಚಾವಣಿ ಹತ್ತಿರ ಹೋಗುತ್ತದೆ. ತೊಂದರೆ ಏನೆಂದರೆ ಎಷ್ಟೋ ಕ್ಯಾಂಪೇನ್‌ಗಳು 14 ಮುಟ್ಟುವುದೇ ಇಲ್ಲ.

2024ರ ಸಬ್‌ಕ್ಲಾಸ್ 3ನೇ ಲೆವೆಲ್‌ಗೆ ಶುರು ಆಗುತ್ತದೆ, ಮತ್ತು ನನಗೆ ಅದು ಹೆಚ್ಚು ಇಷ್ಟ. ಮೈನರ್ ಇಲ್ಯೂಷನ್ ಬೋನಸ್ ಆಕ್ಷನ್ ಆಯಿತು. ಇಲ್ಯೂಷನ್ ಸ್ಪೆಲ್‌ಗಳಿಗೆ ಮಂತ್ರ ಬಾಯಲ್ಲಿ ಹೇಳಬೇಕಾಗಿಲ್ಲ. ಹತ್ತು ಅಡಿ ಅಥವಾ ಮೇಲಿನ ರೇಂಜ್ ಇದ್ದರೆ 60 ಅಡಿ ಸೇರುತ್ತದೆ. 6ಕ್ಕೆ ಸಮನ್ ಬೀಸ್ಟ್, ಸಮನ್ ಫೇ ಎರಡೂ ಕಣ್ಕಟ್ಟಿನ ರೂಪದಲ್ಲಿ ಸ್ಲಾಟ್ ಇಲ್ಲದೆ ಒಂದೊಂದು ಸಲ, ಹಿಟ್ ಪಾಯಿಂಟ್ ಮಾತ್ರ ಅರ್ಧ. ಇವು ಹೆಚ್ಚಿನವು ಮೊದಲ ಗುಡ್ಡೆಯ ವಸ್ತುಗಳು ಅನ್ನುವುದನ್ನು ಗಮನಿಸಿ.

ಈಗ ಕಹಿ ಹೋಲಿಕೆ. 2014ರ ಡಿವಿನೇಷನ್ (ಭವಿಷ್ಯ ನೋಡುವ ಶಾಖೆಯ) ವಿಝಾರ್ಡ್‌ಗೆ 2ನೇ ಲೆವೆಲ್‌ನಲ್ಲೇ ಪೋರ್ಟೆಂಟ್ ಸಿಗುತ್ತದೆ. ಬೆಳಗ್ಗೆ ಎದ್ದು ಎರಡು ಡಿ20 ಉರುಳಿಸಿಟ್ಟುಕೊಂಡು, ಬೇಕಾದಾಗ ಶತ್ರುವಿನ ಸೇವ್ ಬದಲು ಆ ಸಂಖ್ಯೆ ಕೂರಿಸಬಹುದು. ಕೈಯಲ್ಲಿ 3 ಇರುವ ಡಿವಿನರ್ ಹಾಕುವ ಫ್ಯಾಂಟಸ್ಮಲ್ ಫೋರ್ಸ್‌ನಿಂದ ದೊಡ್ಡ ಶತ್ರುವೂ ತಪ್ಪಿಸಿಕೊಳ್ಳುವುದು ಕಷ್ಟ. 5ನೇ ಲೆವೆಲ್‌ನಲ್ಲಿ ಅವರೇ ನಿಮಗಿಂತ ಒಳ್ಳೆಯ ಇಲ್ಯೂಷನಿಸ್ಟ್. ಹೇಳಲು ಬೇಸರ, ಆದರೆ ಲೆಕ್ಕ ಲೆಕ್ಕವೇ. ಹಾಗೆಯೇ ವಾರ್ಲಾಕ್ ಅನ್ನುವ ಬೇರೆ ಬಗೆಯ ಮಾಂತ್ರಿಕನ ಮಿಸ್ಟಿ ವಿಷನ್ಸ್ ಸೈಲೆಂಟ್ ಇಮೇಜ್ ಅನ್ನು ಸ್ಲಾಟ್ ಇಲ್ಲದೆ ಎಷ್ಟು ಸಲ ಬೇಕಾದರೂ ಕೊಡುತ್ತದೆ. ನಿಮ್ಮ ಬಿಲ್ಡ್‌ನ ಜೀವಾಳ ಸೈಲೆಂಟ್ ಇಮೇಜ್ ಒಂದೇ ಆದರೆ ಆ ಕಡೆಯೂ ಕಣ್ಣು ಹಾಯಿಸಿ.

ಹಂತ 7: ಡಿಎಂ ಜೊತೆ ಹತ್ತು ನಿಮಿಷ ಕೂತು ಮಾತಾಡಿ

ಒಮ್ಮೆ ನಾನು ಇದನ್ನು ಮಾಡದೆ ಆಟಕ್ಕೆ ಕೂತೆ. ಕಿರಿದಾದ ದಾರಿ, ಎದುರಿಗೆ ಡಕಾಯಿತರು. ದಾರಿಗೆ ಅಡ್ಡವಾಗಿ ಬಂಡೆ ಉರುಳಿ ಬಿದ್ದ ಹಾಗೆ ಸೈಲೆಂಟ್ ಇಮೇಜ್ ಹಾಕಿದೆ. ಡಿಎಂ ಒಂದು ಕ್ಷಣವೂ ಯೋಚಿಸದೆ, "ಮೊದಲನೆಯವನು ಕಲ್ಲೆಸೆದು ನೋಡುತ್ತಾನೆ" ಅಂದರು. ಕಲ್ಲು ತೂರಿಹೋಯಿತು. ಆರೂ ಜನ ನುಗ್ಗಿದರು. ಅವತ್ತು ಸಂಜೆ ಪೂರ್ತಿ ನಾನು ಬಿಡಿಸಿದ್ದಕ್ಕೆಲ್ಲ ಯಾರೋ ಒಬ್ಬ ಕಲ್ಲೆಸೆಯುತ್ತಿದ್ದ. ಡಿಎಂ ಕೆಟ್ಟವರಲ್ಲ. ಅವರ ಲೋಕದಲ್ಲಿ ಮಾಯೆ ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಎಲ್ಲರಿಗೂ ಅನುಮಾನ. ಅದನ್ನು ನಾನು ಮೊದಲೇ ಕೇಳಬೇಕಿತ್ತು.

ಅಂದಿನಿಂದ ಈ ಪ್ರಶ್ನೆ ಕೇಳದೆ ಆಟಕ್ಕೆ ಕೂರುವುದಿಲ್ಲ:

- ನಿಮ್ಮ ಶತ್ರುಗಳು ಕಂಡದ್ದನ್ನು ಮೊದಲು ನಂಬುತ್ತಾರಾ, ಮೊದಲು ಅನುಮಾನಿಸುತ್ತಾರಾ?
- ಬಾಣ ತೂರಿಹೋದರೆ ಅದು ಮುಟ್ಟಿದ ಲೆಕ್ಕವಾ? ಹಾಗಿದ್ದರೆ ನೋಡಿದವರೆಲ್ಲರಿಗೂ ಬಯಲಾಯಿತಾ, ಅಥವಾ ಬಾಣ ಬಿಟ್ಟವನಿಗೆ ಮಾತ್ರವಾ?
- ಒಬ್ಬ "ಅದು ಸುಳ್ಳು!" ಅಂತ ಕೂಗಿದರೆ ಉಳಿದವರು ಆಕ್ಷನ್ ಖರ್ಚು ಮಾಡಬೇಕಾ?
- ನಾನೇ ಬಿಡಿಸಿದ ಪೆಟ್ಟಿಗೆಯೊಳಗೆ ಅಡಗಿ ಕೂತರೆ ಅಡಗಿದ ಲೆಕ್ಕ ಸಿಗುತ್ತದಾ?
- ನನ್ನ ತಂಡದವರಿಗೆ ಮೊದಲೇ ಹೇಳಿಟ್ಟರೆ ಅವರು ಅದರ ಆಚೆ ನೋಡಬಲ್ಲರಾ?

ಮೂರನೇ ಪ್ರಶ್ನೆಯ ಉತ್ತರಕ್ಕೆ ಅತಿ ಹೆಚ್ಚು ತೂಕ ಕೊಡಿ. ಒಬ್ಬ ಕೂಗಿದರೆ ಎಲ್ಲರಿಗೂ ಬಯಲು ಅಂತಾದರೆ, ನಿಮ್ಮ ಹಂತ 3ರ ಲೆಕ್ಕವನ್ನು ಗುಂಪಿನಲ್ಲಿ ಅತಿ ಜಾಣ ಶತ್ರುವಿಗೆ ಮಾತ್ರ ಮಾಡಬೇಕು. ಹಳೆಯ 3.5 ಆವೃತ್ತಿಯಲ್ಲೂ ಪಾತ್‌ಫೈಂಡರ್ ಅನ್ನುವ ಸೋದರ ಆಟದ ಮೊದಲ ಆವೃತ್ತಿಯಲ್ಲೂ ಇದಕ್ಕೆ ಸ್ಪಷ್ಟ ನಿಯಮ ಇತ್ತು. ಒಬ್ಬ ಕಂಡುಹಿಡಿದು ಹೇಳಿದರೆ ಉಳಿದವರಿಗೆ ಸೇವ್‌ನಲ್ಲಿ +4, ತಾನಾಗಿ ಗೆಲುವಿಲ್ಲ. ಐದನೇ ಆವೃತ್ತಿ ಇದನ್ನು ಟೇಬಲ್‌ಗೆ ಬಿಟ್ಟಿತು. ಡಿಎಂಗೆ ಇದೇ ಲೆಕ್ಕ ಸೂಚಿಸಿ, ಚೆಕ್‌ನಲ್ಲಿ ಅಡ್ವಾಂಟೇಜ್ ಕೊಡೋಣ ಅಂತ. ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ.

ಹಾಗೆ ನೋಡಿದರೆ 1978ರ ಮೊದಲ ಆವೃತ್ತಿಯಲ್ಲಿ ಇಲ್ಯೂಷನಿಸ್ಟ್‌ಗೆ ತನ್ನದೇ ಸ್ಪೆಲ್ ಪಟ್ಟಿ ಇತ್ತು, ಅದು ಮ್ಯಾಜಿಕ್ ಯೂಸರ್‌ನ (ಅಂದಿನ ವಿಝಾರ್ಡ್‌ನ) ಉಪವರ್ಗವಾಗಿ ನಿಂತಿತ್ತು. 3.5ರಲ್ಲಿ ನೆರಳಿನ ಸ್ಪೆಲ್‌ಗಳು ಇದ್ದವು. ಶ್ಯಾಡೋ ಕಂಜ್ಯೂರೇಷನ್ ಶೇ. 20 ನಿಜ, ಗ್ರೇಟರ್ ಆದರೆ ಶೇ. 60, ಶೇಡ್ಸ್ ಆದರೆ ಶೇ. 80. ಶತ್ರು ನಂಬದಿದ್ದರೂ ಇಷ್ಟು ಪಾಲು ತಗುಲಿಯೇ ತೀರುತ್ತದೆ. ನಾನು ನೆಲ ಅನ್ನುವುದನ್ನು ಅವರು ಸಂಖ್ಯೆಯಲ್ಲೇ ಬರೆದಿಟ್ಟಿದ್ದರು.

ಹಂತ 8: ಒಂದು ಬಿಲ್ಡ್ ತೂಗಿ ನೋಡೋಣ

2014ರ ನಿಯಮ, 5ನೇ ಲೆವೆಲ್ ಫಾರೆಸ್ಟ್ ಗ್ನೋಮ್ (ಕಾಡಿನ ಕುಳ್ಳರ ಕುಲ) ಇಲ್ಯೂಷನಿಸ್ಟ್. ಮೈನರ್ ಇಲ್ಯೂಷನ್ ಗ್ನೋಮ್‌ಗೆ ಹುಟ್ಟಿನಿಂದಲೇ ಬರುವುದರಿಂದ ಸಬ್‌ಕ್ಲಾಸ್ ಅದರ ಬದಲು ಇನ್ನೊಂದು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಚಿಕ್ಕ ಸ್ಪೆಲ್) ಕೊಡುತ್ತದೆ. ಇಂಟೆಲಿಜೆನ್ಸ್ +4, ಡಿಸಿ 15. ಕಾನ್‌ಸ್ಟಿಟ್ಯೂಷನ್ +2. ತಯಾರಿಟ್ಟ ಸ್ಪೆಲ್ ಒಂಬತ್ತು: ಶೀಲ್ಡ್, ಮೇಜ್ ಆರ್ಮರ್, ಸೈಲೆಂಟ್ ಇಮೇಜ್, ಡಿಸ್‌ಗೈಸ್ ಸೆಲ್ಫ್, ಮಿರರ್ ಇಮೇಜ್, ಇನ್ವಿಸಿಬಿಲಿಟಿ, ಫ್ಯಾಂಟಸ್ಮಲ್ ಫೋರ್ಸ್, ಹಿಪ್ನಾಟಿಕ್ ಪ್ಯಾಟರ್ನ್, ಮೇಜರ್ ಇಮೇಜ್.

ಮೂರು ಗುಡ್ಡೆ ಮಾಡಿ. ಏಳು ಇಲ್ಯೂಷನ್‌ಗಳಲ್ಲಿ ಮಿರರ್ ಇಮೇಜ್, ಇನ್ವಿಸಿಬಿಲಿಟಿ, ಹಿಪ್ನಾಟಿಕ್ ಪ್ಯಾಟರ್ನ್ ಮೊದಲ ಗುಡ್ಡೆಗೆ. ಫ್ಯಾಂಟಸ್ಮಲ್ ಫೋರ್ಸ್ ನಡುವೆ. ಉಳಿದ ಮೂರು ಡಿಎಂ ಕೈಗೆ. ಏಳರಲ್ಲಿ ಐದಕ್ಕೆ ಕಾನ್ಸಂಟ್ರೇಷನ್ ಬೇಕು. 3ನೇ ಲೆವೆಲ್ ಸ್ಲಾಟ್ ಇರುವುದು ಎರಡೇ, ಮತ್ತು ಅದಕ್ಕೆ ಕೈ ಚಾಚಿರುವ ಎರಡೂ ಸ್ಪೆಲ್ ಕಾನ್ಸಂಟ್ರೇಷನ್‌ದೇ.

ಈಗ ಮೂರು ದೃಶ್ಯದಲ್ಲಿ ಓಡಿಸಿ. ಆಗರ್‌ಗಳ ಜೊತೆ ಕಾಳಗ: ಹಿಪ್ನಾಟಿಕ್ ಪ್ಯಾಟರ್ನ್ ಒಂದೇ ಕೆಲಸ ಮುಗಿಸುತ್ತದೆ, ಡಿಎಂ ಜಿಪುಣರಾದರೂ ಸರಿ. ಕೋಟೆಯೊಳಗೆ ನುಸುಳುವುದು: ಇನ್ವಿಸಿಬಿಲಿಟಿ ನಿಯಮದ ಮೇಲೆ ನಡೆಯುತ್ತದೆ, ಡಿಸ್‌ಗೈಸ್ ಸೆಲ್ಫ್ ಡಿಎಂ ಮನಸ್ಸಿನ ಮೇಲೆ. ಇಲ್ಲೂ ಪಾಸ್. ಸಮಾಧಿಯಲ್ಲಿ ಆರು ಗೂಲ್: ಇಲ್ಲಿ ಗೋಡೆ ಕುಸಿಯುತ್ತದೆ. ಗೂಲ್‌ಗೆ ಚಾರ್ಮ್ ತಡೆ ಇದೆ, ಹಿಪ್ನಾಟಿಕ್ ಪ್ಯಾಟರ್ನ್ ಹೋಯಿತು. ಅನ್‌ಡೆಡ್ ಆದ್ದರಿಂದ ಫ್ಯಾಂಟಸ್ಮಲ್ ಫೋರ್ಸ್ ಹೋಯಿತು. ಹಸಿದ ಗೂಲ್ ಬಂಡೆ ಚಿತ್ರ ನೋಡಿ ನಿಲ್ಲುತ್ತದೆ ಅಂತ ಯಾವ ಡಿಎಂ ಒಪ್ಪುತ್ತಾರೆ? ಉಳಿದದ್ದು ಮಿರರ್ ಇಮೇಜ್ ಮತ್ತು ಪ್ರಾರ್ಥನೆ.

ತಿದ್ದುಪಡಿ ಸುಲಭ. ಮೇಜರ್ ಇಮೇಜ್ ತೆಗೆದು ಫೈರ್‌ಬಾಲ್ ಹಾಕಿ. ಹೌದು, ಬರಹದ ಮೊದಲಲ್ಲಿ ನಾನೇ ಪಕ್ಕಕ್ಕಿಟ್ಟ ಫೈರ್‌ಬಾಲ್. ಅದಕ್ಕೆ ಕಾನ್ಸಂಟ್ರೇಷನ್ ಬೇಡ, ಟ್ರೂಸೈಟ್ ಅದನ್ನು ತಡೆಯುವುದಿಲ್ಲ, ಚಾರ್ಮ್ ತಡೆ ಅದಕ್ಕೆ ಗೊತ್ತೇ ಇಲ್ಲ. ಗೂಲ್‌ಗೆ 22 ಹಿಟ್ ಪಾಯಿಂಟ್, ಸೇವ್ ತಪ್ಪಿದವು ಬಹುಪಾಲು ಅಲ್ಲೇ ಬೂದಿ. ಮೇಜರ್ ಇಮೇಜ್ ಸ್ಪೆಲ್‌ಬುಕ್‌ನಲ್ಲೇ ಇರಲಿ, ಅದೇನು ಓಡಿಹೋಗುವುದಿಲ್ಲ. ಸೈಲೆಂಟ್ ಇಮೇಜ್ ಉಳಿಸಿಕೊಳ್ಳಿ. ಒಂದನೇ ಲೆವೆಲ್ ಸ್ಲಾಟ್‌ನಲ್ಲಿ ಡಿಎಂ ಮನಸ್ಸು ಹೇಗಿದೆ ಅಂತ ಪರೀಕ್ಷೆ ಮಾಡಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಮೊದಲ ಎರಡು ಸೆಷನ್‌ನಲ್ಲಿ ಮಂಜು ಬಿಡಿಸಿ. ಯಾರೂ ಕಲ್ಲೆಸೆಯದಿದ್ದರೆ ಮೂರನೇ ಸೆಷನ್ನಿನ ಬೆಳಗ್ಗೆ ಮೇಜರ್ ಇಮೇಜ್ ಮತ್ತೆ ತಯಾರಿಟ್ಟುಕೊಳ್ಳಿ.